ಬಾರ್ಟನ್ಸ್‌ವಿಲ್ ಸೇತುವೆಯನ್ನು ಮರದಲ್ಲೇ ಮತ್ತೆ ಕಟ್ಟಿದವರಿಗೆ

ಅಮೆರಿಕದ ವರ್ಮಾಂಟ್‌ನ ಪುಟ್ಟ ಹಳ್ಳಿ ಬಾರ್ಟನ್ಸ್‌ವಿಲ್. ಅಲ್ಲಿನ ಜನರಿಗೆ, ದೇಣಿಗೆ ಕೊಟ್ಟವರಿಗೆ, ಬಡಗಿಗಳಿಗೆ ಮರಗೆಲಸವನ್ನು ಪ್ರೀತಿಸುವ ನಮ್ಮೆಲ್ಲರ ಮನಸಾರೆ ವಂದನೆ.

1870ರಲ್ಲಿ ಸ್ಯಾನ್‌ಫರ್ಡ್ ಗ್ರೇಂಜರ್ ಕಟ್ಟಿದ್ದ ಮೇಲೆ ಛಾವಣಿ ಹೊದಿಸಿದ 151 ಅಡಿ ಉದ್ದದ ಮರದ ಸೇತುವೆ 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ನೆರೆಯಲ್ಲಿ ವಿಲಿಯಮ್ಸ್ ನದಿಯ ಪಾಲಾಯಿತು. ದಡದ ಕಟ್ಟೆಯ ಬುಡವನ್ನು ನೀರು ಕೊರೆದು, ಆಸರೆ ತಪ್ಪಿದ ಸೇತುವೆ ಇಡಿಯಾಗಿ ಹೊಳೆಗೆ ಜಾರಿತು. ಕಾಂಕ್ರೀಟ್ ಸುರಿದು ಕೆಲಸ ಮುಗಿಸಬಹುದಿತ್ತು. ನೀವು ಹಳೆಯ ಜಾಲರಿ ವಿನ್ಯಾಸವನ್ನೇ ಹಿಡಿದು, 2013ರ ಜನವರಿಯಲ್ಲಿ ದಾರಿ ತೆರೆದಿರಿ.

ಅಮೆರಿಕದ ವಾಸ್ತುಶಿಲ್ಪಿ ಇಥಿಯಲ್ ಟೌನ್ 1820ರಲ್ಲಿ ಪೇಟೆಂಟ್ ಪಡೆದ ಈ ಜಾಲರಿಯ ಸೊಗಸು ಅದರ ಸರಳತೆಯಲ್ಲಿದೆ. ಭಾರಿ ದಿಮ್ಮಿ ಬೇಡ, ಮರಕ್ಕೆ ಮರ ಕೂಡಿಸಲು ಗಂಡಿ ಕೊರೆಯುವ ನಾಜೂಕು ಕೆಲಸವೂ ಬೇಡ. ಸುಮಾರು 3 ಇಂಚು ದಪ್ಪ, 10–12 ಇಂಚು ಅಗಲದ ಹಲಗೆಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಯಿಸಿ, ಹಾಯುವಲ್ಲೆಲ್ಲ ಓಕ್ ಗೂಟ ಜಡಿದರಾಯಿತು. ಊರ ಗರಗಸದ ಮಿಲ್ಲೇ ಸಾಕು. ಭಾರ ನೂರಾರು ಸಂದುಗಳಿಗೆ ಹಂಚಿಹೋಗುವುದರಿಂದ ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಆದರೆ ಕೈತಪ್ಪಿಗೆ ಇಲ್ಲಿ ಕ್ಷಮೆಯಿಲ್ಲ. ಹಸಿ ಗೂಟ ಒಣಗುತ್ತ ಸೊರಗಿ ಸಡಿಲಾಗುತ್ತದೆ. ತೂತು ಬಿಗಿಯಾದರೆ ಗೂಟ ಸೀಳುತ್ತದೆ, ದೊಡ್ಡದಾದರೆ ಪ್ರತಿ ಸಂದೂ ಕೂದಲೆಳೆಯಷ್ಟು ಜರುಗಿ ಕೊನೆಗೆ ಇಡೀ ಸೇತುವೆ ನಡುವಲ್ಲಿ ಜೋತುಬೀಳುತ್ತದೆ. ಅದಕ್ಕೇ ಕಟ್ಟುವಾಗಲೇ ನಡುವನ್ನು ತುಸು ಮೇಲೆತ್ತಿ ಕಟ್ಟುವುದು. ಮೇಲೆ, ಕೆಳಗೆ ಉದ್ದಕ್ಕೆ ಸಾಗುವ ಪಟ್ಟಿ ಹಲಗೆಗಳ ಜೋಡುಗಳೂ ಒಂದೇ ಜಾಗದಲ್ಲಿ ಬೀಳಕೂಡದು.

ಛಾವಣಿ ಅಲಂಕಾರಕ್ಕಲ್ಲ. ಮಳೆಗಾಲಕ್ಕೆ ನಮ್ಮ ಮಲೆನಾಡಿನಲ್ಲಿ ಮಣ್ಣಿನ ಗೋಡೆಗೆ ಸೋಗೆಯ ತಡಿಕೆ ಕಟ್ಟುವ ಲೆಕ್ಕವೇ ಅಲ್ಲೂ. ಮರದ ತೇವ ಶೇ. 20ಕ್ಕಿಂತ ಮೇಲೆ ಬಹುಕಾಲ ನಿಂತರೆ ಶಿಲೀಂಧ್ರ ಹತ್ತಿ ಮರ ಲಡ್ಡಾಗುತ್ತದೆ. ಬಯಲಿಗೆ ಬಿಟ್ಟ ಮರದ ಸೇತುವೆ ಒಂದೆರಡು ದಶಕದಲ್ಲಿ ಕೊಳೆತರೆ, ಛಾವಣಿಯಡಿಯದು ನೂರು ವರ್ಷ ದಾಟುತ್ತದೆ.

ಛಾವಣಿಯಿದ್ದರೂ ಮೊದಲು ಕೊಳೆಯುವುದು ಎರಡು ತುದಿಗಳು. ಚಕ್ರಗಳು ತರುವ ಮಣ್ಣು, ಹಿಮ ಕರಗಿಸಲು ಚೆಲ್ಲುವ ಉಪ್ಪು, ಗಾಳಿ ತರುವ ತರಗೆಲೆ ಎಲ್ಲ ಕೆಳಪಟ್ಟಿಯ ಮೇಲೆ ಕೂತು ನೀರು ಹಿಡಿದಿಡುತ್ತವೆ. ಅದನ್ನು ಗುಡಿಸಿ, ಗಾಳಿಯಾಡಲು ಬಿಟ್ಟು, ಕಟ್ಟೆಗೂ ಕೆಳಪಟ್ಟಿಗೂ ನಡುವಿನ ಆಧಾರ ತೊಲೆ ಕೆಟ್ಟಾಗ ಸೇತುವೆಯನ್ನು ಜಾಕಿಯಿಂದ ತುಸು ಎತ್ತಿ ಆ ತೊಲೆಯನ್ನು ಮಾತ್ರ ಬದಲಿಸಿದರೆ ಮುಖ್ಯ ಹಲಗೆಗಳು ಉಳಿಯುತ್ತವೆ. ನೆರೆ ಇಳಿದ ಮೇಲೆ ಕಟ್ಟೆಯ ಬುಡ ಕೊರೆದಿದೆಯೇ ಎಂದು ನೋಡುವ ಕೆಲಸವೂ ಇದರ ಜೊತೆಗೇ.

ಸೇತುವೆ ಕಟ್ಟಿದವರ ಹೆಸರು ಎಲ್ಲಾದರೂ ಉಳಿಯುತ್ತದೆ. ಇಂಥ ಸೇತುವೆಗಳ ತುದಿಯಲ್ಲಿ ಬಗ್ಗಿ ಕಸ ಗುಡಿಸುವವರಿಗೆ, ಸೋರುವ ಛಾವಣಿಗೆ ಹತ್ತಿ ರಿಪೇರಿ ಮಾಡುವವರಿಗೆ ನಮ್ಮ ವಿಶೇಷ ನಮಸ್ಕಾರ.