ಭಾವಾ, ನೀನು ಕಳಿಸಿದ ಆ ಚಿತ್ರ

ಪ್ರೀತಿಯ ಭಾವಾ,

ನೀನು ಕಳಿಸಿದ, ಇಂಗ್ಲೆಂಡಿನ ಚಿತ್ರಕಾರ ಹೊಗಾರ್ತನ ಚಿತ್ರವನ್ನು ಮೂರು ರಾತ್ರಿ ನೋಡಿದೆ, ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ. ‘ಅರ್ಥ ಬಿಡಿಸಿ ಬರಿ, ನಾಲ್ಕು ಜನ ಓದಲಿ’ ಎಂದೆಯಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಲಂಡನ್ನಿನ ಸೌತ್ ಸೀ ಎಂಬ ವ್ಯಾಪಾರದ ಕಂಪೆನಿಯ ಶೇರು 1720ರ ಮೊದಲಿಗೆ 128 ಪೌಂಡಿನಷ್ಟಿತ್ತು. ಬೇಸಗೆಗೆ 1000ದ ಹತ್ತಿರ ಹೋಯಿತು, ವರ್ಷ ಮುಗಿಯುವಾಗ ಹೊರಟಲ್ಲಿಗೇ ಬಂದು ಬಿತ್ತು. ಮರುವರ್ಷ ಹೊಗಾರ್ತ್ ಆ ಕಥೆಯನ್ನೇ ತಗಡಿನಲ್ಲಿ ಚಿತ್ರವಾಗಿ ಕೊರೆದ, ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ. ನಡುವೆ ಜಾತ್ರೆಯ ತಿರುಗುವ ಕುದುರೆಯಾಟ, ತುದಿಯಲ್ಲೊಂದು ಆಡು, ‘ಯಾರು ಹತ್ತುತ್ತೀರಿ?’ ಎಂಬ ಬರಹ. (ನಮ್ಮ ಕಡೆ ಚಿಟ್ ಫಂಡಿಗೂ ‘ಕುರಿ’ ಎನ್ನುವುದು ನೆನಪಾಯಿತಲ್ಲ?) ಎಡಗಡೆ ಸೈತಾನ, ಕಣ್ಣಿಗೆ ಬಟ್ಟೆ ಕಟ್ಟಿದ ಭಾಗ್ಯದೇವತೆಯನ್ನು ತೂಗಹಾಕಿ ಕಡಿದು, ತುಂಡುಗಳನ್ನು ಜನರತ್ತ ಎಸೆಯುತ್ತಿದ್ದಾನೆ. ಮನುಷ್ಯರೂಪದ ಸ್ವಾರ್ಥ, ಮನುಷ್ಯರೂಪದ್ದೇ ಆದ ಪ್ರಾಮಾಣಿಕತೆಯನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿಯುತ್ತಿದೆ. ಬಲಗಡೆ ಕೆಳಮೂಲೆಯಲ್ಲಿ ವ್ಯಾಪಾರವೂ ಮನುಷ್ಯನ ಹಾಗೆ ಬಿದ್ದುಕೊಂಡಿದೆ. ಅದರ ಕಡೆ ಯಾರ ಕಣ್ಣೂ ಇಲ್ಲ.

ಇದರಲ್ಲಿ ಚೇತರಿಕೆ ಎಲ್ಲಿ ಎಂದು ನೀನು ಕೇಳಿದ್ದೆ. ಚಿತ್ರದಲ್ಲಿ ನನಗೆ ಕಾಣಲಿಲ್ಲ. ನನಗೆ ಗೊತ್ತಿರುವ ಚೇತರಿಕೆ ಅಪ್ಪನ ಬಾಯಲ್ಲಿ ಕೇಳಿದ್ದು. ಎಪ್ಪತ್ತರ ಸುಮಾರಿಗೆ ಅಡಿಕೆ ಧಾರಣೆ ನೆಲಕಚ್ಚಿದ ಮೇಲೆ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೋ ಎಂಬ ಸಹಕಾರ ಸಂಘ ಕಟ್ಟಿದರು. ಗೋಣಿ ತೂಗಿ, ಚೀಟಿ ಬರೆದು, ದುಡ್ಡು ಎಣಿಸಿ ಕೊಟ್ಟರು. ಮೂಲೆಯಲ್ಲಿ ಬಿದ್ದವನನ್ನು ಎಬ್ಬಿಸಿ, ನೀರು ಕೊಟ್ಟು ಕೂರಿಸಿದ ಹಾಗೆ.

ಇಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆದರೆ ಮೂರನೇ ರಾತ್ರಿ ಸೈತಾನನನ್ನು ಬಿಟ್ಟು ಅವನ ಕೆಳಗೆ ಮುಗಿಬಿದ್ದ ಜನರನ್ನೇ ನೋಡುತ್ತ ಕೂತೆ.

ಮುಳುಗಿದ ಆ ಫೈನಾನ್ಸ್ ಕಂಪೆನಿಯಲ್ಲಿ ನನ್ನ ದುಡ್ಡು ಹೋದದ್ದು ನಿನಗೆ ಗೊತ್ತು. ಅಕ್ಕನದ್ದು ಹೋದದ್ದೂ ಗೊತ್ತು. ಚಾಲಿ ಅಡಿಕೆ ಮಾರಿದ ನೋಟುಗಳನ್ನು ಅವಳು ಬೈರಾಸಿನಲ್ಲಿ ಸುತ್ತಿ ತಂದಿದ್ದಳು. ಬಿಚ್ಚುವಾಗ ಒಣಗಿದ ಅಡಿಕೆಯ ವಾಸನೆ. ‘ನೀನು ಹೇಳಿದರೆ ಆಯಿತು ಮಾರಾಯ, ನನಗೆಂತ ಗೊತ್ತು’ ಎಂದಳು. ಹೆದರಬೇಡ ಅಕ್ಕಾ ಎಂದೆ. ನಿನಗೆ ಗೊತ್ತಿಲ್ಲದ್ದು ಇಷ್ಟು: ಆ ತಿಂಗಳ ಬಡ್ಡಿ ನನಗೇ ಬಂದಿರಲಿಲ್ಲ. ಹೊಸಬರು ಸೇರಿದರೆ ನನ್ನದು ಬಂದೀತು ಎಂಬ ಆಸೆಯಲ್ಲಿ ಅವಳ ದುಡ್ಡನ್ನು ನಾನೇ ಕೊಂಡುಹೋಗಿ ಕಟ್ಟಿದೆ. ಮೂರು ವರ್ಷದಿಂದ ಅವಳು ‘ನಮ್ಮಿಬ್ಬರದ್ದೂ ಹೋಯಿತಲ್ಲ’ ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದಾಳೆ.

ಇದನ್ನು ಬರೆಯಲು ಕೂತದ್ದಲ್ಲ, ಭಾವಾ. ಬರೆದಾಯಿತು, ಅಳಿಸುವುದಿಲ್ಲ.

ಇಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ. ಅಡಿಕೆಗೆ ಎರಡನೇ ಮದ್ದು ಬಿಡುವುದು ಬಾಕಿ, ಕೊಳೆರೋಗದ್ದೇ ಚಿಂತೆ. ಹಲಸಿನ ಹಪ್ಪಳ ಎರಡು ಕಟ್ಟು ತೆಗೆದಿಟ್ಟಿದ್ದೇನೆ, ಒಂದು ನಿನಗೆ, ಒಂದು ಅಕ್ಕನಿಗೆ. ಈ ಭಾನುವಾರವೇ ಬಾ. ನೀರ್ಚಾಲಿನಲ್ಲಿ ಇಳಿ, ಕಳೆದ ಸಲದ ಹಾಗೆ ಬದಿಯಡ್ಕದವರೆಗೆ ಹೋಗಬೇಡ. ಇದು ಬೇರೆಯವರ ಫೋನಿನಿಂದ ಅವಳಿಗೆ ಮುಟ್ಟುವ ಮೊದಲು ಅವಳ ಜಗಲಿಯಲ್ಲಿ ಕೂತು ಹೇಳಬೇಕು. ನೀನೂ ಜೊತೆಗೆ ಬಾ.

ನಿನ್ನ,
ಭಾವ