ಕಿಂಗ್ಸ್ ಸರ್ಕಲ್‌ನ ಪುಸ್ತಕದ ಅಣ್ಣನಿಗೆ

ಮುಂಬೈಯ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವ ಒಬ್ಬ ಅಣ್ಣನಿಗೆ ಈ ಥ್ಯಾಂಕ್ಸ್.

ಅಪ್ಪನಿಗೆ ಆಪರೇಷನ್ ಆಗಿತ್ತು. ರಾತ್ರಿ ಅವರ ಜೊತೆ ನಾನೇ ಇರಬೇಕಿತ್ತು. ನಾವಿಬ್ಬರೂ ಮೊದಲಿಂದಲೂ ಜಾಸ್ತಿ ಮಾತಾಡಿದವರಲ್ಲ. ಅಂಗಡಿ ಮುಂದೆ ನಿಂತು ಫೋನಿನಲ್ಲಿ ಅಮ್ಮನಿಗೆ ಧೈರ್ಯ ಹೇಳುತ್ತಿದ್ದೆ. ಫೋನ್ ಇಟ್ಟ ಮೇಲೆ ಈ ಅಣ್ಣ ಕನ್ನಡದಲ್ಲೇ ಕೇಳಿದರು: ‘ಅಪ್ಪಾರಿಗೆ ಆರಾಮಿಲ್ಲೇನ್ರಿ?’

ರಾಶಿಯ ಅಡಿಯಿಂದ ಒಂದು ಪುಸ್ತಕ ಎಳೆದರು. ಖಾಲಿದ್ ಹುಸೇನಿಯವರ ‘ದಿ ಕೈಟ್ ರನ್ನರ್’, 2003ರ ಕಾದಂಬರಿ. ‘ಇಬ್ಬರು ಹುಡುಗರ ದೋಸ್ತಿ ಐತಿ, ಅಪ್ಪ-ಮಗಂದೂ ಐತಿ. ಓದ್ರಿ.’ ಅಂಗಿಯ ತುದಿಯಿಂದ ಧೂಳು ಒರೆಸಿದರು. ಮಡಚಿದ್ದ ಪುಟದ ಮೂಲೆಗಳನ್ನು ಒಂದೊಂದಾಗಿ ಬೆರಳಲ್ಲಿ ತೀಡಿ ನೇರ ಮಾಡಿದರು. ಮಳೆ ಹನಿಯುತ್ತಿತ್ತು, ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ದುಡ್ಡು ತೆಗೆದರೆ, ‘ಅಪ್ಪಾರು ಮನಿಗೆ ಬಂದ ಮ್ಯಾಲೆ ಕೊಡ್ರಿ’ ಅಂದರು.

ಕಾಬೂಲಿನ ಅಮೀರ್, ಅವನ ಮನೆ ಆಳಿನ ಮಗ ಹಸನ್. ಜೊತೆಯಲ್ಲೇ ಬೆಳೆದವರು. ಅಪ್ಪನ ಒಂದು ಮೆಚ್ಚುಗೆಗಾಗಿ ಅಮೀರ್ ಹಂಬಲಿಸುವುದನ್ನು ಓದುವಾಗ ಗಂಟಲು ಕಟ್ಟಿತು. ಗೆಳೆಯನಿಗೆ ಅವನು ಮಾಡುವ ದ್ರೋಹಕ್ಕೆ ಸಿಟ್ಟೂ ಬಂತು. 1975ರ ಗಾಳಿಪಟ ಸ್ಪರ್ಧೆಯ ಭಾಗ ಓದುತ್ತಿದ್ದಾಗ ಅಪ್ಪನಿಗೆ ಎಚ್ಚರವಾಯಿತು. ‘ಏನೋ ಅದು?’ ಅಂದರು. ಹೇಳಿದೆ. ಅವರು ಆಷಾಢದ ಗಾಳಿಯಲ್ಲಿ ಪಟ ಹಾರಿಸಿದ್ದು, ಗಾಜು ಅರೆದು ದಾರಕ್ಕೆ ಮಾಂಜಾ ಹಚ್ಚುವಾಗ ಬೆರಳು ಕುಯ್ದುಕೊಂಡಿದ್ದು, ಎಲ್ಲ ಹೇಳಿದರು. ನನಗೆ ಇದೊಂದೂ ಗೊತ್ತಿರಲಿಲ್ಲ! ನರ್ಸ್ ಬಂದು ಲೈಟ್ ಆರಿಸುವವರೆಗೂ ಮಾತಾಡಿದೆವು.

ಅಣ್ಣಾ, ಅಪ್ಪ ಮನೆಗೆ ಬಂದಿದ್ದಾರೆ. ಈ ಭಾನುವಾರ ದುಡ್ಡು ಕೊಡಲು ಬರುತ್ತೇನೆ. ಅವರಿಗೂ ಒಂದು ಪುಸ್ತಕ ಆರಿಸಿಡಿ.