ಮುದ್ರೆ ಬೀಳದ ಟಿಕೆಟ್ಟು

ಪುಟ್ಟೀ,

ನಿನ್ನೆ ರಾತ್ರಿ ನೀನು ಅಮ್ಮನಿಗೆ ಫೋನ್ ಮಾಡಿದಾಗ ನಾನು ಹಜಾರದಲ್ಲೇ ಇದ್ದೆ. ನೀನು ಏನಂದೆಯೋ ಕೇಳಿಸಲಿಲ್ಲ. ಅಮ್ಮ "ಆಯ್ತು ಬಿಡು, ಅಪ್ಪನಿಗೆ ಹೇಳಲ್ಲ" ಅಂದಿದ್ದು ಮಾತ್ರ ಕೇಳಿಸಿತು. ಆಮೇಲೆ ಅವಳು ಇರುವ ನಾಲ್ಕು ಪಾತ್ರೆಯನ್ನೇ ಅರ್ಧ ಗಂಟೆ ತೊಳೆದಳು. ನಾನೇ ಹೋಗಿ ಕೇಳಿದೆ. ಕೆಲಸ ಕಾಯಂ ಆಯ್ತಂತೆ, ವಿಯೆನ್ನಾದಲ್ಲೇ ಉಳಿಯುವುದು ಅಂತ ಸಹಿಯನ್ನೂ ಹಾಕಿದ್ದೀಯಂತೆ. ಸಹಿ ಹಾಕಿ 12 ದಿನ ಆಯ್ತಂತೆ.

ಸಹಿ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ. 12 ದಿನ ನನಗೆ ಹೇಳಲು ಹೆದರಿದೆಯಲ್ಲ, ಅದು ನೋವಾಯಿತು. ಆ ಹೆದರಿಕೆ ಹುಟ್ಟಿಸಿದವನು ನಾನೇ. ಫೋನಿನಲ್ಲಿ ನಾನು ಮಾತು ಶುರು ಮಾಡಿದರೆ ದನಿ ಏರುತ್ತದೆ, ನಿನಗೆ ಗೊತ್ತು. ಅದಕ್ಕೇ ಕಾಗದ.

ನಾನೂ ಅಮ್ಮನೂ ನಿನ್ನ ಹತ್ತಿರ ಬಂದಿದ್ದಾಗ ಅಲ್ಲಿಯ ಗುಡ್ಡದ ಮೇಲೆ ನಾನು ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಆಡಬಾರದ ಮಾತು ಅದು. ಏರ್‌ಪೋರ್ಟಿನಲ್ಲಿ ಆದರೂ ವಾಪಸ್ ತಗೊಳ್ಳಬೇಕಿತ್ತು. ಲಗೇಜಿನ ತೂಕ ನೋಡುತ್ತಾ ನಿಂತುಬಿಟ್ಟೆ.

ಇಲ್ಲಿ ಮಹಾರಾಜ ಪಾರ್ಕಿನಲ್ಲಿ ಸಂಜೆ ಸಿಗುವ ನನ್ನ ಗೆಳೆಯರೆಲ್ಲ "ಯೂರೋಪ್ ಹೇಗಿತ್ತು?" ಅಂತ ಕೇಳುತ್ತಲೇ ಇರುತ್ತಾರೆ. ಪ್ರಾಗ್ ಬಗ್ಗೆ ಹೇಳುತ್ತೇನೆ. 1357ರಲ್ಲಿ ಕಟ್ಟಲು ಶುರು ಮಾಡಿದ ಕಲ್ಲಿನ ಸೇತುವೆ, ಎರಡೂ ಕಡೆ ಸೇರಿ 30 ವಿಗ್ರಹ, ಗಾರೆಗೆ ಮೊಟ್ಟೆ ಹಾಕಿದ್ದರು ಅಂತ ಅಲ್ಲಿಯ ಜನವೂ ಹೇಳುತ್ತಾರೆ ಅಂದರೆ ಎಲ್ಲರಿಗೂ ಖುಷಿ. ನಮ್ಮ ಹಳೇ ಕೋಟೆಗಳ ಬಗ್ಗೆಯೂ ಇದೇ ಮಾತು ತಾನೇ? 1410ರ ಗಡಿಯಾರದ ಮುಂದೆ ನಿಂತಿದ್ದನ್ನೂ ಹೇಳುತ್ತೇನೆ. ಅಸ್ಥಿಪಂಜರ ಗಂಟೆ ಬಾರಿಸಿತು, ಮೇಲಿನ ಕಿಟಕಿಗಳಲ್ಲಿ ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಬಂದು ಹೋದರು, ನಿನ್ನಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು. ಪಕ್ಕದಲ್ಲಿದ್ದ ಹೆಂಗಸು ಅವಳನ್ನೇ ನೋಡುತ್ತಿದ್ದಳು. ನೀನು ಅಮ್ಮನನ್ನು ತಡೆಯಲಿಲ್ಲ. ಅದು ನನಗೆ ತುಂಬಾ ಹಿಡಿಸಿತು.

ಬುಡಾಪೆಸ್ಟ್‌ನಲ್ಲಿ 1896ರಿಂದ ಓಡುತ್ತಿರುವ ನೆಲದಡಿಯ ರೈಲು, ಆ ಪುಟ್ಟ ಹಳದಿ ಡಬ್ಬಿಗಳು. ಅದನ್ನೂ ಹೇಳುತ್ತೇನೆ. ಡ್ಯಾನ್ಯೂಬ್ ದಡದ ಕಬ್ಬಿಣದ ಶೂಗಳ ಬಗ್ಗೆ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. 60 ಜೊತೆ ಶೂ. 1944–45ರ ಚಳಿಗಾಲದಲ್ಲಿ ಯಹೂದಿಗಳನ್ನು ದಡಕ್ಕೆ ತಂದು, ಮೊದಲು ಶೂ ಬಿಚ್ಚಿಸಿ, ಆಮೇಲೆ ಗುಂಡು ಹೊಡೆದು ನೀರಿಗೆ ಬೀಳಿಸಿದರು ಅಂತ ನೀನು ಹೇಳಿದೆ. ಶೂಗಳಿಗೆ ಬೆಲೆಯಿತ್ತು, ಅದನ್ನು ಹಾಕಿಕೊಂಡಿದ್ದವರಿಗೆ ಇರಲಿಲ್ಲ. ದೊಡ್ಡವರ ಬೂಟುಗಳ ನಡುವೆ ಮಗುವಿನ ಒಂದು ಜೊತೆ ಇತ್ತು. ಅದರೊಳಗೆ ಯಾರೋ ಹೂವು ಇಟ್ಟಿದ್ದರು. ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

ವಿಯೆನ್ನಾ ಹೇಗಿತ್ತು ಅಂದರೆ ಮಾತ್ರ ಮಾತು ಬದಲಾಯಿಸುತ್ತೇನೆ. ವಾಸ್ತವದಲ್ಲಿ ಮೂರು ಊರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ. ಬೆಟ್ಟದ ಚಿಲುಮೆಯ ನೀರನ್ನು 1873ರಿಂದ ಕೊಳವೆಯಲ್ಲಿ ಊರಿಗೆ ತರುತ್ತಿದ್ದಾರೆ, ನಲ್ಲಿಯಿಂದ ಹಾಗೇ ಕುಡಿಯಿರಿ ಅಂದೆಯಲ್ಲ, ಮೊದಲ ದಿನ ನಾನು ನಂಬಲಿಲ್ಲ. ಆಮೇಲೆ ದಿನಾ ರಾತ್ರಿ ಎದ್ದು ಒಂದು ಲೋಟ ಕುಡಿಯುತ್ತಿದ್ದೆ. ನನಗೆ ಇನ್ನೂ ಆಶ್ಚರ್ಯ ಅಂದರೆ ಮೆಟ್ರೋ ಸ್ಟೇಷನ್. ಗೇಟಿಲ್ಲ, ತಡೆಯುವವರಿಲ್ಲ. ಒಂದು ನೀಲಿ ಪೆಟ್ಟಿಗೆ, ಅದರ ಬಾಯಿಗೆ ಟಿಕೆಟ್ ತೂರಿಸಿದರೆ ಟಕ್ ಅಂತ ಮುದ್ರೆ. ವರ್ಷದ ಪಾಸಿಗೆ 2012ರಿಂದ ಎಷ್ಟೋ ಕಾಲ 365 ಯೂರೋ, ಅಂದರೆ ದಿನಕ್ಕೆ ಒಂದೇ ಯೂರೋ ಇತ್ತು ಅಂತ ನೀನು ಹೇಳಿದಾಗ ನಾನು ಲೆಕ್ಕ ಹಾಕುತ್ತಾ ಒಂದು ಸ್ಟೇಷನ್ ಜಾಸ್ತಿ ಹೋಗಿದ್ದೆವು. 29 ವರ್ಷ ಕಂಡಕ್ಟರ್ ಆಗಿದ್ದವನಿಗೆ ಇದೇ ಮ್ಯೂಸಿಯಂ.

ಆ ಬೆಳಿಗ್ಗೆಗೆ ಬರುತ್ತೇನೆ. ಬರದೆ ಇರಲು ಆಗುತ್ತಿಲ್ಲ.

ನನ್ನ ವಾರದ ಪಾಸ್ ಮುಗಿದಿತ್ತು. ನೀನು ಬಿಡಿ ಟಿಕೆಟ್ ಕೊಟ್ಟಿದ್ದೆ. ಅಮ್ಮ ಕಾಲುನೋವು ಅಂತ ಮನೆಯಲ್ಲೇ ಉಳಿದಳು. ಕಾರ್ಲ್ಸ್‌ಪ್ಲಾಟ್ಸ್ ಮೆಟ್ರೋ ಸ್ಟೇಷನ್‌ನಲ್ಲಿ ನಿನಗೆ ಆಫೀಸಿನ ಫೋನ್ ಬಂತು. ನೀನು ಮಾತಾಡುತ್ತಾ ಮುಂದೆ ನಡೆದೆ, ನಾನು ಹಿಂದೆ ಬಂದೆ. ನೀಲಿ ಪೆಟ್ಟಿಗೆ ಕಂಡಿತು ಪುಟ್ಟೀ. ಕಾಣಲಿಲ್ಲ ಅಂತ ನಾನು ಅವತ್ತು ಹೇಳಿದ್ದು ಸುಳ್ಳು. ಕಂಡಿತು, ನೀನು ಜನರ ನಡುವೆ ಕಣ್ಮರೆಯಾಗುತ್ತೀಯ ಅನ್ನಿಸಿತು, ಓಡಿ ಬಂದುಬಿಟ್ಟೆ. ಇಳಿದ ಮೇಲೆ ಹೇಳಿದರಾಯ್ತು ಅಂದುಕೊಂಡೆ. ಇಷ್ಟು ಮಾತ್ರ ನಿನಗೆ ಗೊತ್ತಿರಲಿಲ್ಲ.

ಎರಡು ಸ್ಟೇಷನ್ ದಾಟಿರಬೇಕು. ಸಾದಾ ಬಟ್ಟೆಯ ಆ ಮನುಷ್ಯ ಬ್ಯಾಡ್ಜ್ ತೋರಿಸಿದ. ನೀನು ಪಾಸ್ ತೋರಿಸಿದೆ. ನಾನು ಟಿಕೆಟ್ ತೋರಿಸಿದೆ. ಆತ ಅದನ್ನು ತಿರುಗಿಸಿ ನೋಡಿದ, ಇನ್ನೊಂದು ಸಲ ತಿರುಗಿಸಿದ. ನನಗೆ ಆಗಲೇ ಗೊತ್ತಾಯಿತು. ಮುದ್ರೆ ಬೀಳದ ಟಿಕೆಟ್ ಬರೀ ಕಾಗದ ಅಂತ ನಾನೇ ಎಷ್ಟು ಜನಕ್ಕೆ ಹೇಳಿಲ್ಲ? ಆದರೂ ಬಾಯಿ ಮಾಡಿದೆ. ನಾನು ಕಂಡಕ್ಟರ್, 29 ವರ್ಷ ಸರ್ವೀಸ್, ಒಂದು ರೂಪಾಯಿ ಆಚೀಚೆ ಮಾಡಿದವನಲ್ಲ ಅಂತ. ಆಗ ನೀನು ಹೇಳಿದೆ, "ಅಪ್ಪಾ, ಸುಮ್ನಿರಿ. ಇದು ಹಾಸನ ಅಲ್ಲ."

ಆ ಮಾತು ಚುಚ್ಚಿತು. ಈಗಲೂ ಚುಚ್ಚುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಹಗಲೂ ರಾತ್ರಿ ಯೋಚಿಸುತ್ತಿರುವುದು ಅದನ್ನಲ್ಲ. ಆಮೇಲೆ ನೀನು ಆ ಮನುಷ್ಯನ ಹತ್ತಿರ ಜರ್ಮನ್‌ನಲ್ಲಿ ಮಾತಾಡಿದೆ. ಮೂರು ನಾಲ್ಕು ನಿಮಿಷ. ಎಂಟ್‌ಶುಲ್ಡಿಗುಂಗ್ ಅನ್ನುವ ಪದ ಮೂರು ಸಲ ಬಂತು, ನಾನು ಎಣಿಸಿದೆ. ಕ್ಷಮಿಸಿ ಅನ್ನಲು ನೀನೇ ನಮಗೆ ಕಲಿಸಿಕೊಟ್ಟ ಪದ. ಉಳಿದಿದ್ದು ಒಂದೂ ತಿಳಿಯಲಿಲ್ಲ. ನೀನು ಬೆರಳಿನಿಂದ ನನ್ನನ್ನು ತೋರಿಸಿದೆ, ಎದೆ ಮುಟ್ಟಿಕೊಂಡೆ, ಏನೋ ಅಂದೆ. ಆತ ನನ್ನನ್ನು ನೋಡಿದ. ಕಾರ್ಡಿನಲ್ಲಿ ದಂಡ ಕಟ್ಟಿದೆ. ಹೋಗುವಾಗ ಆತ ನನಗೆ ತಲೆ ಬಾಗಿಸಿ ಹೋದ. ದಂಡ ಹಾಕಿದವನು ಯಾಕೆ ತಲೆ ಬಾಗಿಸಬೇಕು? ಏನು ಹೇಳಿದ್ದೆ ನೀನು ಅವನಿಗೆ?

ಮೂರು ವಾರದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ನಮ್ಮಪ್ಪ ಹಳ್ಳಿಯವರು, ಗೊತ್ತಾಗಲ್ಲ ಅಂದೆಯಾ? ವಯಸ್ಸಾಗಿದೆ, ಮರೆವು ಅಂದೆಯಾ? ತಪ್ಪು ನನ್ನದು, ನಾನು ನೆನಪಿಸಬೇಕಿತ್ತು ಅಂದೆಯಾ? ಒಂದೊಂದು ದಿನ ಒಂದೊಂದು ಅನ್ನಿಸುತ್ತದೆ. ಕೊನೆಯದೇ ನಿಜ ಇರಬೇಕು ಅಂತ ಅನ್ನಿಸಿದ ದಿನ ಊಟ ಸೇರುವುದಿಲ್ಲ. ಮನೆಯಲ್ಲಿ ನೀನು ತಪ್ಪಾಯ್ತು ಅಂದಿದ್ದು ನನಗೆ ನೆನಪಿಲ್ಲ. ಸಣ್ಣವಳಿದ್ದಾಗಲೂ ಹೊಡೆದರೂ ಅನ್ನುತ್ತಿರಲಿಲ್ಲ. ನನಗೋಸ್ಕರ ಮೂರು ಸಲ ಅಂದೆ.

ಇನ್ನೊಂದು ವಿಷಯ ನಿನ್ನ ಹತ್ತಿರ ಯಾವತ್ತೂ ಹೇಳಿಲ್ಲ. ಸಕಲೇಶಪುರ ರೂಟಿನಲ್ಲಿದ್ದಾಗ ಒಬ್ಬ ಯಜಮಾನರು ಆಲೂರಿಗೆ ಟಿಕೆಟ್ ತಗೊಂಡು ನಿದ್ದೆ ಹೋಗಿದ್ದರು. ಆಲೂರು ದಾಟಿದ ಮೇಲೆ ಚೆಕಿಂಗ್‌ನವರು ಹತ್ತಿದರು. ಎಬ್ಬಿಸದೆ ಇದ್ದದ್ದು ನಾನು. ಮೆಮೊ ಬಂದೀತು ಅಂತ ಹೆದರಿ, ಅವರೇ ಬೇಕಂತ ಕೂತಿದ್ದಾರೆ ಅಂದುಬಿಟ್ಟೆ. ಪಕ್ಕದಲ್ಲಿದ್ದ ಅವರ ಮಗಳು ಪರ್ಸಿನಿಂದ ಚಿಲ್ಲರೆ ಎಣಿಸಿ ಎಣಿಸಿ ಕೊಟ್ಟಳು. ನಾನು ವೇಬಿಲ್ ಬರೆಯುವ ಹಾಗೆ ಮುಖ ತಗ್ಗಿಸಿದೆ. ನೀನು ಕಾರ್ಡ್ ತೆಗೆದಾಗ ಆ ಹುಡುಗಿಯ ಕೈ ಕಣ್ಣಮುಂದೆ ಬಂತು. ಆ ಸಿಟ್ಟು ನನ್ನ ಮೇಲೆ ನನಗೇ ಬಂದಿದ್ದು, ಅದನ್ನು ಗುಡ್ಡ ಹತ್ತುವವರೆಗೂ ಹೊತ್ತುಕೊಂಡು ಹೋಗಿ ನಿನ್ನ ಮೇಲೆ, ನಿನ್ನ ಊರಿನ ಮೇಲೆ ಸುರಿದೆ. ನಿನ್ನ ಊರಿನದು ಏನೂ ತಪ್ಪಿಲ್ಲ. ಅವರು ಜನರನ್ನು ನಂಬಿ ಗೇಟು ತೆಗೆದಿಟ್ಟಿದ್ದಾರೆ, ನಾನು ದಾಟಿ ಬಂದೆ. ಅಷ್ಟೇ. ಕ್ಷಮಿಸು ಮಗಳೇ.

ಉಳಿಯುವುದು ಅಂತ ಆಯ್ತಲ್ಲ, ಸ್ವಲ್ಪ ಕೇಳು. ಸಹಿ ಹಾಕಿದ ಕಾಗದದ ನಕಲು ಎರಡು ಕಡೆ ಇಡು. ಸಂಬಳ ಜಾಸ್ತಿ ಆಯ್ತು ಅಂತ ತಕ್ಷಣ ಮನೆ ಸಾಲಕ್ಕೆ ಹೋಗಬೇಡ, ಎರಡು ವರ್ಷ ಕಾಯಿ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ ಅಂದಿದ್ದೆ, ಕತ್ತಲಾದ ಮೇಲೆ ಕಿವಿಗೆ ಹಾಡು ಸಿಕ್ಕಿಸಿಕೊಂಡು ನಡೆಯಬೇಡ. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡುತ್ತೀಯ, ನಾನು ನೋಡಿದ್ದೇನೆ, ಅದು ಸರಿಯಲ್ಲ. ಅಕ್ಕಪಕ್ಕದವರ ಪರಿಚಯ ಮಾಡಿಕೋ, ಎದುರು ಮನೆಯ ಅಜ್ಜಿಗೆ ಹಬ್ಬದ ದಿನ ಏನಾದರೂ ಸಿಹಿ ಕೊಡು, ಕಷ್ಟಕ್ಕೆ ಮೊದಲು ಬರುವವರು ಅವರೇ. ಬೇರೆಯವರ ನೆಲದಲ್ಲಿ ಇರುವಾಗ ಅಲ್ಲಿಯ ನಿಯಮ ನಮಗೆ ಇನ್ನೂ ಜಾಸ್ತಿ ಅನ್ವಯ, ಒಂದು ಸಣ್ಣ ತಪ್ಪಿಗೂ ನಮ್ಮ ಇಡೀ ದೇಶವನ್ನು ಅನ್ನುತ್ತಾರೆ, ಅದಕ್ಕೇ... ಇದನ್ನು ನಾನು ಯಾವ ಮುಖದಲ್ಲಿ ನಿನಗೆ ಹೇಳಲಿ.

ವಿಯೆನ್ನಾದ ಆ ಹಳದಿ ಅರಮನೆ, ಶೋನ್‌ಬ್ರುನ್‌ನಲ್ಲಿ, 1,441 ಕೋಣೆ ಇವೆ ಅಂದೆ. ನೋಡಿದ ಕೋಣೆಗಳಲ್ಲಿ ಒಂದೂ ನನಗೆ ನೆನಪಿಲ್ಲ, ಅಷ್ಟು ಬಿಗಿದುಕೊಂಡಿದ್ದೆ. ನೀನು ಹೇಳಿದ ರಾಣಿಯ ಕತೆ ಮಾತ್ರ ಕಿವಿಯಲ್ಲಿ ಉಳಿದಿದೆ. ಮರಿಯಾ ತೆರೇಸಾ, 16 ಮಕ್ಕಳ ತಾಯಿ. 1770ರಲ್ಲಿ 14 ವರ್ಷದ ಮಗಳನ್ನು ಫ್ರಾನ್ಸಿಗೆ ಸೊಸೆಯಾಗಿ ಕಳಿಸಿದಳು. ತಾಯಿ ಮಗಳು ಮತ್ತೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ತಾಯಿ ಸಾಯುವವರೆಗೂ ಹತ್ತು ವರ್ಷ ಕಾಗದ ಬರೆದಳು, ಅದರ ತುಂಬಾ ಹೀಗಿರು ಹಾಗಿರು ಅನ್ನುವ ಬುದ್ಧಿಮಾತು, ಗದರಿಕೆ. ನೀನು ಅದನ್ನು ಹೇಳುವಾಗ ನನ್ನ ಮುಖ ನೋಡುತ್ತಿದ್ದೆ. ನಾನು ಚಾವಣಿ ನೋಡುತ್ತಿದ್ದೆ.

ನಿನ್ನ ಜರ್ಮನ್ ಬಗ್ಗೆ ಒಂದು ಮಾತು. ಅರ್ಥವಾಗದಿದ್ದರೂ ಕೇಳಿಸಿಕೊಂಡೆ. ಎಲ್ಲೂ ತಡವರಿಸಲಿಲ್ಲ ನೀನು. ಅವನ ಕಣ್ಣು ನೋಡಿ ಮಾತಾಡಿದೆ. ಪಾರ್ಕಿನಲ್ಲಿ ಗೆಳೆಯರಿಗೆ ದಂಡದ ಕತೆ ಹೇಳಲು ನಾಚಿಕೆಯಾಗಿ ಸುಮ್ನೆ ಇದ್ದೇನೆ, ಅದನ್ನು ಹೇಳದೆ ಇದನ್ನು ಹೇಳಲು ಆಗುವುದಿಲ್ಲ. ನಾಳೆ ಎರಡನ್ನೂ ಹೇಳುತ್ತೇನೆ.

ಟಿಕೆಟ್ ನನ್ನ ಹತ್ತಿರವೇ ಇದೆ. ಅಮ್ಮ ಶರ್ಟ್ ನೆನೆಸುವ ಮುಂಚೆ ಜೇಬಿನಿಂದ ತೆಗೆದು ಕೊಟ್ಟಳು. ಮುಂದಿನ ಸಲ ಬಂದಾಗ ಮೊದಲು ಅದಕ್ಕೆ ಮುದ್ರೆ ಹಾಕಿಸುತ್ತೇನೆ.

ಭಾನುವಾರ ಫೋನ್ ಮಾಡು. ಅಮ್ಮನಿಗೆ ಬೇಡ, ನನ್ನ ನಂಬರಿಗೇ ಮಾಡು. ಕೆಲಸ ಕಾಯಂ ಆದ ವಿಷಯ ಮೊದಲಿಂದ ನೀನೇ ಹೇಳು. ನಾನು ಮೊದಲನೇ ಸಲ ಕೇಳುವ ಹಾಗೆ ಕೇಳುತ್ತೇನೆ. ಆಮೇಲೆ, ನಿನಗೆ ಮನಸ್ಸಿದ್ದರೆ, ಅವತ್ತು ಆ ಮನುಷ್ಯನಿಗೆ ಏನಂದೆ ಅಂತ ಕನ್ನಡದಲ್ಲಿ ಹೇಳು.

ನಿನ್ನ
ಅಪ್ಪ